ಚಿನ್ನದ ಪದರದಲ್ಲಿ ಎರಡೂವರೆ ಸಾವಿರ ತೂತು

"ಬೆಳಕಿನ ಅಲೆಗಿಂತ ಚಿಕ್ಕ ತೂತು. ಅದರಲ್ಲಿ ಬೆಳಕು ದಾಟುತ್ತಾ?" ಅಂತ ಮೇಡಂ ಕೇಳಿದರು. ನಾನು ಲ್ಯಾಬ್ ಸೇರಿ ಆಗಿನ್ನೂ ಒಂದು ವಾರ.

"ದಾಟಲ್ಲ ಮೇಡಂ" ಅಂದೆ. ಓದಿದ್ದು ಹಾಗೇ ಇತ್ತು. 1944ರಲ್ಲಿ ಭೌತವಿಜ್ಞಾನಿ ಹಾನ್ಸ್ ಬೆಥೆ ಈ ಲೆಕ್ಕ ಮಾಡಿಟ್ಟಿದ್ದಾರೆ. ತೆಳ್ಳಗಿನ ಲೋಹದ ಹಾಳೆ, ಅದರಲ್ಲೊಂದು ಸಣ್ಣ ದುಂಡು ತೂತು. ತೂತಿನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ಆಚೆ ಹೋಗುತ್ತದೆ ಅನ್ನುವುದು ತೂತಿನ ಅಳತೆಗೂ ತರಂಗಾಂತರಕ್ಕೂ ಇರುವ ಅನುಪಾತದ ನಾಲ್ಕನೇ ಘಾತದಂತೆ ಇಳಿಯುತ್ತದೆ. ತೂತನ್ನು ಅರ್ಧ ಮಾಡಿದರೆ ಆ ಪಾಲು ಹದಿನಾರನೇ ಒಂದಕ್ಕೆ ಬೀಳುತ್ತದೆ. ಹಾಳೆಗೆ ದಪ್ಪ ಇದ್ದರಂತೂ ಇನ್ನೂ ಕಡಿಮೆ.

"ಲೆಕ್ಕ ಸರಿಯಾಗೇ ಇದೆ. ಆದ್ರೆ ಅದು ಒಂದೇ ತೂತಿನ ಲೆಕ್ಕ. ನೀನು ಎರಡೂವರೆ ಸಾವಿರ ತೂತು ಕೊರಿ, ಆಮೇಲೆ ಮಾತಾಡೋಣ" ಅಂದರು. ಮೇಜಿನ ಮೇಲಿದ್ದ ಒಂದು ಹಳೇ ಪ್ರಿಂಟ್ ನನ್ನ ಕಡೆ ಸರಿಸಿದರು.

ಅದು 1998ರ ಫೆಬ್ರವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಲೇಖನ. ಥಾಮಸ್ ಎಬ್ಬೆಸೆನ್ ಮತ್ತು ಜೊತೆಗಾರರು ಬರೆದದ್ದು. 200 ನ್ಯಾನೋಮೀಟರ್ ದಪ್ಪದ ಬೆಳ್ಳಿ ಪದರ. ಅದರಲ್ಲಿ 150 ನ್ಯಾನೋಮೀಟರ್ ಅಗಲದ ತೂತುಗಳು, ಸಾಲುಸಾಲಾಗಿ, ಒಂದರಿಂದ ಇನ್ನೊಂದಕ್ಕೆ 900 ನ್ಯಾನೋಮೀಟರ್ ದೂರ. ಆಚೆ ಬಂದ ಬೆಳಕಿನಲ್ಲಿ 1370 ನ್ಯಾನೋಮೀಟರ್ ತರಂಗಾಂತರದ ಹತ್ತಿರ ದೊಡ್ಡದೊಂದು ಪೀಕ್, ಅಂದರೆ ಏರು. ನಾನು ಕೂತು ಬೆಥೆ ಸೂತ್ರಕ್ಕೆ ಅಂಕಿ ಹಾಕಿದೆ. ಶೇಕಡಾ 0.3ರ ಆಸುಪಾಸು ಬಂತು. ಅವರು ಅಳೆದದ್ದು? ತೂತುಗಳ ಮೇಲೆ ನೇರ ಬಿದ್ದ ಬೆಳಕಿನ ಎರಡು ಪಟ್ಟಿಗಿಂತ ಜಾಸ್ತಿ. ಅಂದರೆ ತೂತುಗಳ ನಡುವಿನ ಗಟ್ಟಿ ಲೋಹದ ಮೇಲೆ ಬಿದ್ದ ಬೆಳಕೂ ಹೇಗೋ ದಾರಿ ಮಾಡಿಕೊಂಡು ಆಚೆ ಬಂದಿದೆ. ತಾರಸಿ ಮೇಲೆ ಬಿದ್ದ ಮಳೆನೀರೆಲ್ಲ ಮೂಲೆಯ ಒಂದು ಪೈಪಿನಲ್ಲಿ ಇಳಿಯುವ ಹಾಗೆ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ನಾವು ಬೆಳ್ಳಿಯ ಬದಲು ಚಿನ್ನ ಆರಿಸಿಕೊಂಡೆವು. ಬೆಳ್ಳಿ ಗಾಳಿಗೆ ಕಪ್ಪಾಗುತ್ತದೆ, ಚಿನ್ನ ಆಗುವುದಿಲ್ಲ. ಮುಂದೆ ಅದರ ಮೇಲೆ ನೀರು ಹಾಕುವ ಯೋಚನೆಯೂ ಇತ್ತು.

ಪದರ ಹಾಕುವುದು ಅಂಥ ಕಷ್ಟದ ಕೆಲಸವಲ್ಲ, ಆದರೆ ಅವಸರ ಮಾಡುವ ಹಾಗಿಲ್ಲ. ಕ್ವಾರ್ಟ್ಸ್ ಗಾಜಿನ ಚೂರುಗಳನ್ನು ಅಸಿಟೋನಿನಲ್ಲಿ, ಆಮೇಲೆ ಐಸೊಪ್ರೊಪನಾಲಿನಲ್ಲಿ ತೊಳೆದು, ನೈಟ್ರೋಜನ್ ಊದಿ ಒಣಗಿಸಿ, ನಿರ್ವಾತದ ಚೇಂಬರಿನಲ್ಲಿ ತಲೆಕೆಳಗಾಗಿ ಕೂರಿಸಬೇಕು. ಕೆಳಗೆ ಟಂಗ್‌ಸ್ಟನ್ ದೋಣಿಯಲ್ಲಿ ಚಿನ್ನದ ಕಾಳು. ದೋಣಿಗೆ ಕರೆಂಟ್ ಕೊಟ್ಟರೆ ಚಿನ್ನ ಕರಗಿ, ಆವಿಯಾಗಿ, ಮೇಲೆ ಹೋಗಿ ಗಾಜಿಗೆ ಅಂಟುತ್ತದೆ. ಸೆಕೆಂಡಿಗೆ 0.1 ನ್ಯಾನೋಮೀಟರ್ ಲೆಕ್ಕದಲ್ಲಿ 100 ನ್ಯಾನೋಮೀಟರಿಗೆ ಹದಿನೇಳು ನಿಮಿಷ. ಮೊದಲ ಚೂರಿಗೆ ನಾನು ಬರೀ ಚಿನ್ನ ಹಾಕಿದ್ದೆ. ಸೆಲ್ಲೋಟೇಪ್ ಅಂಟಿಸಿ ಎಳೆದಾಗ ಇಡೀ ಪದರ ಟೇಪಿನ ಜೊತೆ ಬಂತು. ಚಿನ್ನಕ್ಕೆ ಗಾಜಿನ ಮೇಲೆ ಹಿಡಿತ ಇಲ್ಲ. ನಡುವೆ ಕ್ರೋಮಿಯಂ ಬೇಕು. ಅದನ್ನೂ ಜಾಸ್ತಿ ಹಾಕಬಾರದು, ಯಾಕೆಂದರೆ ಕ್ರೋಮಿಯಂ ಬೆಳಕು ನುಂಗುತ್ತದೆ. 3 ನ್ಯಾನೋಮೀಟರಿಗೆ ನಿಲ್ಲಿಸಿದೆ.

ತೂತು ಕೊರೆಯಲು ಅಯಾನ್ ಬೀಮ್ ಯಂತ್ರ. ಗ್ಯಾಲಿಯಂ ಅಯಾನುಗಳನ್ನು 30 ಸಾವಿರ ವೋಲ್ಟ್‌ನಲ್ಲಿ ಓಡಿಸಿ, ಸೂಜಿಮೊನೆಗಿಂತ ಎಷ್ಟೋ ಪಾಲು ಸಣ್ಣ ಚುಕ್ಕೆಗೆ ತಂದು ಹೊಡೆಯುತ್ತದೆ. ಹೊಡೆದಲ್ಲಿ ಚಿನ್ನದ ಪರಮಾಣುಗಳು ಹಾರಿ ಹೋಗುತ್ತವೆ. ಒಂದು ತೂತಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. 50 ಸಾಲು, ಸಾಲಿಗೆ 50 ತೂತು, ಅಂತರ 600 ನ್ಯಾನೋಮೀಟರ್, ತೂತಿನ ಅಗಲ 200. ಎಲ್ಲ ಸೇರಿದರೂ ಪಕ್ಕಕ್ಕೆ ಕೇವಲ 30 ಮೈಕ್ರಾನ್ ಜಾಗ, ಬರಿಗಣ್ಣಿಗೆ ಒಂದು ಧೂಳಿನ ಕಣದಷ್ಟು. ಐದು ನಿಮಿಷದಲ್ಲಿ ಮುಗಿಯಿತು. ಪರದೆಯ ಮೇಲೆ ಚುಕ್ಕೆಗಳು ಒಂದೊಂದಾಗಿ ಮೂಡುವುದನ್ನು ನೋಡುತ್ತಾ ನಾನು ಎದ್ದೇ ಇರಲಿಲ್ಲ.

ಅಳೆಯುವ ಏರ್ಪಾಡು ಸರಳ. ಕೆಳಗಿನಿಂದ ಹ್ಯಾಲೊಜೆನ್ ದೀಪದ ಬೆಳಕು, ಮೇಲೆ ಮೈಕ್ರೋಸ್ಕೋಪಿನ ಲೆನ್ಸು, ಅಲ್ಲಿಂದ ಫೈಬರ್, ಫೈಬರಿನ ತುದಿಗೆ ಯಾವ ತರಂಗಾಂತರದ ಬೆಳಕು ಎಷ್ಟಿದೆ ಅಂತ ತೋರಿಸುವ ಸ್ಪೆಕ್ಟ್ರೋಮೀಟರ್. ಕಣ್ಣಿಟ್ಟು ನೋಡಿದೆ. ಸುತ್ತ ಕತ್ತಲು, ನಡುವೆ ಒಂದು ಚೌಕ, ಕಡುಕೆಂಪು. ಚೌಕ ಪೂರ್ತಿ ಒಂದೇ ಸಮ ಬೆಳಗುತ್ತಿತ್ತು. ಅದನ್ನು ನೋಡಿ ಎಷ್ಟು ಖುಷಿಯಾಯಿತು ಅಂದರೆ, ಪಕ್ಕದ ಬೆಂಚಿನವರನ್ನೆಲ್ಲ ಕರೆದು ತೋರಿಸಿದೆ.

ಸ್ಪೆಕ್ಟ್ರಮ್ ಮಾತ್ರ ಕಲಸಿದಂತೆ ಬಂತು. ಪೀಕ್ ಅನ್ನುವಂಥದ್ದು ಏನೂ ಇರಲಿಲ್ಲ, ಉದ್ದಕ್ಕೂ ಒಂದು ಸೋಮಾರಿ ಏರಿಳಿತ ಅಷ್ಟೇ. ಮೂರು ದಿನ ಫೈಬರ್ ತಿರುಗಿಸಿದೆ, ಫೋಕಸ್ ಬದಲಿಸಿದೆ. ಕಾರಣ ಇದ್ದದ್ದು ಕೆಳಗೆ, ದೀಪದ ಬೆಳಕನ್ನು ಸ್ಯಾಂಪಲ್ಲಿಗೆ ಕೂಡಿಸಿ ಬಿಡುವ ಕಂಡೆನ್ಸರ್ ಲೆನ್ಸಿನಲ್ಲಿ. ಅದರ ಕಿಂಡಿ ಪೂರ್ತಿ ತೆರೆದಿತ್ತು. ಹಾಗಾಗಿ ಬೆಳಕು ನೇರವಾಗಿಯೂ ಬೀಳುತ್ತಿತ್ತು, ಓರೆಯಾಗಿಯೂ ಬೀಳುತ್ತಿತ್ತು. ಈ ತೂತುಸಾಲುಗಳಲ್ಲಿ ಬೆಳಕು ಬೀಳುವ ಕೋನ ಬದಲಾದರೆ ಪೀಕ್ ಇರುವ ಜಾಗವೂ ಬದಲಾಗುತ್ತದೆ. ಎಲ್ಲ ಕೋನವೂ ಒಟ್ಟಿಗೆ ಬಂದರೆ ಎಲ್ಲ ಪೀಕೂ ಒಂದರ ಮೇಲೊಂದು ಬಿದ್ದು ಅಳಿಸಿಹೋಗುತ್ತವೆ. ಕಿಂಡಿಯನ್ನು ಆದಷ್ಟು ಮುಚ್ಚಿದೆ. ಬೆಳಕು ತೀರಾ ಕಡಿಮೆಯಾಯಿತು, ಒಂದೊಂದು ಅಳತೆಗೂ ಹತ್ತು ಸೆಕೆಂಡ್ ಕಾಯಬೇಕಾಯಿತು. ಆದರೆ ಪರದೆಯ ಮೇಲೆ ಗುಡ್ಡ ಎದ್ದಿತು.

ಒಂದಲ್ಲ, ಎರಡು ತಲೆಯ ಗುಡ್ಡ. ಒಂದು ತಲೆ 885 ನ್ಯಾನೋಮೀಟರಿನ ಹತ್ತಿರ, ಇನ್ನೊಂದು 925ರ ಹತ್ತಿರ.

ನನ್ನ ಲೆಕ್ಕದಲ್ಲಿ ಅಲ್ಲಿ ಇರಬೇಕಾದದ್ದು ಒಂದೇ. ಆ ಲೆಕ್ಕ ಹೇಗೆ ಅಂತ ಇಲ್ಲಿ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಲೋಹದ ಮೈಮೇಲೆ ಎಲೆಕ್ಟ್ರಾನುಗಳು ಸಡಿಲವಾಗಿ ಓಡಾಡಿಕೊಂಡಿರುತ್ತವೆ. ಬೆಳಕು ಅವುಗಳ ಜೊತೆ ಕೂಡಿಕೊಂಡು ಮೈಗೆ ಅಂಟಿಕೊಂಡೇ ಹರಿಯುವ ಒಂದು ಅಲೆ ಇದೆ. ಅದಕ್ಕೆ ಸರ್ಫೇಸ್ ಪ್ಲಾಸ್ಮಾನ್ ಅನ್ನುತ್ತಾರೆ. ಅದರ ಅಲೆಯುದ್ದ ಬಿಡಿ ಬೆಳಕಿನದಕ್ಕಿಂತ ಚಿಕ್ಕದು. ಆದ್ದರಿಂದ ನುಣುಪಾದ ಲೋಹದ ಮೇಲೆ ಬೆಳಕು ಸುಮ್ನೆ ಬಿದ್ದರೆ ಈ ಅಲೆ ಏಳುವುದಿಲ್ಲ, ಎರಡಕ್ಕೂ ಹೆಜ್ಜೆ ಕೂಡುವುದಿಲ್ಲ. ತೂತುಗಳು ಸಮ ಅಂತರದಲ್ಲಿದ್ದರೆ ಮಾತ್ರ ಕೂಡುತ್ತದೆ. ಪ್ರತಿ ತೂತೂ ಸ್ವಲ್ಪ ಸ್ವಲ್ಪ ತಳ್ಳುತ್ತದೆ, ತಳ್ಳುವ ಹೊತ್ತು ಸರಿಯಾಗಿದ್ದರೆ ಉಯ್ಯಾಲೆ ಏರಿದ ಹಾಗೆ ಅಲೆ ಏರುತ್ತದೆ. ಬೆಳಕು ಬಿದ್ದ ಮೈಯಲ್ಲಿ ಅಲೆ ಬಲವಾಯಿತು ಅಂದರೆ ತೂತಿನ ಬಾಯಲ್ಲಿ ಬೆಳಕು ಒತ್ತಾಗುತ್ತದೆ, ಅಷ್ಟು ಸಣ್ಣ ತೂತಿನೊಳಗೂ ನುಸುಳಿ ಇನ್ನೊಂದು ಮೈಗೆ ತಲುಪುತ್ತದೆ, ಅಲ್ಲಿಂದ ಮತ್ತೆ ಬೆಳಕಾಗಿ ಹೊರಡುತ್ತದೆ.

ಹೆಜ್ಜೆ ಕೂಡುವ ತರಂಗಾಂತರ ಬೇಕೆಂದರೆ ತೂತುಗಳ ಅಂತರವನ್ನು ಒಂದು ಸಂಖ್ಯೆಯಿಂದ ಗುಣಿಸಬೇಕು. ಆ ಸಂಖ್ಯೆ ಬರುವುದು ಚಿನ್ನದ ಗುಣದಿಂದ ಮತ್ತು ಚಿನ್ನಕ್ಕೆ ತಾಗಿಕೊಂಡಿರುವ ವಸ್ತುವಿನಿಂದ. ಗಾಳಿಯ ಕಡೆಗೆ ಸುಮಾರು 1.05, ಕ್ವಾರ್ಟ್ಸ್ ಗಾಜಿನ ಕಡೆಗೆ ಸುಮಾರು 1.5. ಅಂತರ 600 ಆದರೆ ಗಾಳಿಯ ಮೈಗೆ 628, ಗಾಜಿನ ಮೈಗೆ 905. ನಿಜವಾಗಿ ಅಳೆದಾಗ ಪೀಕ್ ಇದಕ್ಕಿಂತ ಒಂದಿಷ್ಟು ಕೆಂಪಿನ ಕಡೆಗೆ, ಅಂದರೆ ಉದ್ದ ತರಂಗಾಂತರದ ಕಡೆಗೆ, ಸರಿದಿರುತ್ತದೆ. ತೂತಿನಲ್ಲಿ ನೇರವಾಗಿ ನುಸುಳಿದ ಬೆಳಕೂ ಅಲೆಯಾಗಿ ಸುತ್ತಿ ಬಂದ ಬೆಳಕೂ ಆಚೆ ಸೇರಿ ಒಂದನ್ನೊಂದು ಎಳೆದಾಡುವುದರಿಂದ ಹೀಗಾಗುತ್ತದೆ. ಹಾಗಾಗಿ 925 ನನಗೆ ಅರ್ಥವಾಯಿತು. 885 ಎಲ್ಲಿಂದ ಬಂತು?

ಎರಡು ವಾರ ಇದೇ ತಲೆಯಲ್ಲಿ. ಕೊನೆಗೆ ಡ್ರಾಯರಿನಲ್ಲಿ ಒಂದು ಪೋಲರೈಸರ್ ಸಿಕ್ಕಿತು, ಒಂದೇ ದಿಕ್ಕಿನಲ್ಲಿ ಅಲುಗುವ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್. ಬೆಳಕಿನ ದಾರಿಯಲ್ಲಿಟ್ಟು ತಿರುಗಿಸಿದೆ. ಸೊನ್ನೆ ಡಿಗ್ರಿಯಲ್ಲಿ 925ರ ತಲೆ ಮಾತ್ರ ಉಳಿಯಿತು. ತಿರುಗಿಸುತ್ತಾ ಹೋದ ಹಾಗೆ ಅದು ಕುಸಿಯಿತು, ಪಕ್ಕದ್ದು ಎದ್ದಿತು. ತೊಂಬತ್ತು ಡಿಗ್ರಿಗೆ ಬಂದಾಗ ಬರೀ 885. ಹಿಂದಕ್ಕೆ ತಿರುಗಿಸಿದೆ, ಮತ್ತೆ 925. ಹತ್ತು ಸಲ ಹಾಗೇ ಮಾಡಿದೆ ಅನಿಸುತ್ತದೆ. ತಕ್ಕಡಿಯ ಎರಡು ತಟ್ಟೆ ಹಾಗೆ, ಒಂದು ಇಳಿದರೆ ಇನ್ನೊಂದು ಏರುತ್ತಿತ್ತು.

ಬೆಳಕಿನ ವಿದ್ಯುತ್ ಕ್ಷೇತ್ರ ಯಾವ ದಿಕ್ಕಿನಲ್ಲಿ ಅಲುಗುತ್ತದೋ ಲೋಹದ ಮೇಲಿನ ಅಲೆ ಮುಖ್ಯವಾಗಿ ಆ ದಿಕ್ಕಿಗೇ ಓಡುತ್ತದೆ. ಅಂದಮೇಲೆ ಒಂದು ದಿಕ್ಕಿಗೆ ಓಡಿದ ಅಲೆಗೆ ಒಂದು ಅಂತರ ಕಂಡಿದೆ, ಇನ್ನೊಂದು ದಿಕ್ಕಿಗೆ ಓಡಿದ ಅಲೆಗೆ ಬೇರೆ ಅಂತರ. ಸ್ಯಾಂಪಲ್ಲನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಒಯ್ದು ಚೌಕದ ಬದಿಗಳನ್ನು ಅಳೆದೆ. ಒಂದು ಬದಿ 29.4 ಮೈಕ್ರಾನ್, ಇರಬೇಕಾದಷ್ಟೇ. ಇನ್ನೊಂದು ಬದಿ 28ಕ್ಕೂ ಸ್ವಲ್ಪ ಕಮ್ಮಿ. ನಡುವೆ 49 ಸಂದು. ಭಾಗಿಸಿದರೆ ಒಂದು ಕಡೆ 600, ಇನ್ನೊಂದು ಕಡೆ 570. ನಾನು ಚೌಕ ಅಂದುಕೊಂಡದ್ದು ಚೌಕವೇ ಆಗಿರಲಿಲ್ಲ. 570ಕ್ಕೆ ಲೆಕ್ಕ ಹಾಕಿದೆ, 864 ಬಂತು. 905ರಿಂದ 925ಕ್ಕೆ ಸರಿದಿದ್ದ ಆ ಇಪ್ಪತ್ತು ನ್ಯಾನೋಮೀಟರನ್ನು ಇದಕ್ಕೂ ಕೂಡಿಸಿದರೆ 885ರ ಹತ್ತಿರಕ್ಕೇ ಬರುತ್ತದೆ.

ಮೂವತ್ತು ನ್ಯಾನೋಮೀಟರ್ ಅಂದರೆ ಚಿನ್ನದ ನೂರು ಪರಮಾಣುಗಳನ್ನು ಸಾಲಾಗಿ ಇಟ್ಟಷ್ಟು ಉದ್ದ. ಅಷ್ಟು ತಪ್ಪನ್ನು ಬೆಳಕು ಕಂಡುಹಿಡಿದು ಹೇಳುತ್ತಿತ್ತು, ನನಗೆ ಕೇಳಲು ಗೊತ್ತಿರಲಿಲ್ಲ.

ತಪ್ಪಿನ ಮೂಲ ಅಯಾನ್ ಬೀಮ್ ಯಂತ್ರ ನೋಡಿಕೊಳ್ಳುವ ಸರ್ ಹತ್ತಿರ ಹೋದಾಗ ಗೊತ್ತಾಯಿತು. ಅವರು ಚಿತ್ರ ನೋಡಿ ಮೊದಲು ಕೇಳಿದ್ದೇ, "ಮೇಲಿನ ಚಿನ್ನಕ್ಕೆ ಗ್ರೌಂಡ್ ಕೊಟ್ಟಿದ್ರಾ?"

"ಕೆಳಗೆ ಕಾರ್ಬನ್ ಟೇಪ್ ಹಾಕಿದ್ದೆ ಸರ್."

"ಕೆಳಗಿರೋದು ಗಾಜಲ್ವಾ? ಕರೆಂಟ್ ಎಲ್ಲಿಂದ ಇಳಿಯತ್ತೆ?"

ಅಷ್ಟೇ ವಿಷಯ. ಅಯಾನುಗಳು ತಂದ ವಿದ್ಯುತ್ ಚಿನ್ನದಲ್ಲೇ ಸೇರಿಕೊಂಡು, ಮುಂದೆ ಬರುವ ಬೀಮನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿದೆ. ಐದು ನಿಮಿಷದಲ್ಲಿ ಒಂದೂವರೆ ಮೈಕ್ರಾನ್. ಸಾಲಿನೊಳಗಿನ ಐವತ್ತು ತೂತು ಬೇಗ ಮುಗಿಯುತ್ತದೆ, ಹಾಗಾಗಿ ಅಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಾಲಿನಿಂದ ಸಾಲಿಗೆ ಹೋಗುವಷ್ಟರಲ್ಲಿ ಅದು ಕೂಡಿಕೊಂಡಿತು. ಸರ್ ಒಂದು ಕಡ್ಡಿಯಲ್ಲಿ ಸಿಲ್ವರ್ ಪೇಸ್ಟ್ ತೆಗೆದು, ಚಿನ್ನದ ಅಂಚಿನಿಂದ ಕೆಳಗೆ ಸ್ಯಾಂಪಲ್ ಕೂರಿಸುವ ಲೋಹದ ಸ್ಟಬ್ಬಿನವರೆಗೆ ಒಂದು ಗೆರೆ ಎಳೆದರು. "ಸ್ಟೇಜ್ ಸರಿಸಿದ ಮೇಲೆ ಅರ್ಧ ಗಂಟೆ ಸುಮ್ನೆ ಬಿಡಿ. ಅದೂ ನಿಲ್ಲೋಕೆ ಟೈಮ್ ತಗೊಳ್ಳತ್ತೆ" ಅಂದರು. ಆ ಗೆರೆಯನ್ನು ಇವತ್ತಿಗೂ ಪ್ರತಿ ಸ್ಯಾಂಪಲ್ಲಿಗೂ ನಾನೇ ಎಳೆಯುತ್ತೇನೆ, ಒಣಗಿದೆಯಾ ಅಂತ ಎರಡು ಸಲ ನೋಡುತ್ತೇನೆ.

ಎರಡನೇ ಸ್ಯಾಂಪಲ್ಲಿನಲ್ಲಿ ನಾಲ್ಕು ಚೌಕ ಮಾಡಿದೆ. 600ರ ಅಂತರದ್ದು, 500ರದ್ದು, 450ರದ್ದು. ನಾಲ್ಕನೆಯದರಲ್ಲಿ 600ರ ಚೌಕದಷ್ಟೇ ಜಾಗ, ಅಷ್ಟೇ ತೂತು, ಅಷ್ಟೇ ಅಗಲ. ಆದರೆ ಸಾಲು ಇಲ್ಲ. ಎರಚಿದ ಹಾಗೆ ಎಲ್ಲೆಂದರಲ್ಲಿ.

ಕಣ್ಣಿಗೇ ವ್ಯತ್ಯಾಸ ಕಂಡಿತು. 600ರದ್ದು ಕಡುಕೆಂಪು. ಅಂತರ ಕಡಿಮೆಯಾದ ಹಾಗೆ ಕೆಂಪು ಇಳಿದು ಹಸಿರಿನ ಕಡೆ ವಾಲಿತ್ತು. ಬಣ್ಣ ಹಾಕಿಲ್ಲ, ವಸ್ತು ಬದಲಿಸಿಲ್ಲ, ಎಲ್ಲವೂ ಒಂದೇ ಚಿನ್ನ. 600ರ ಸ್ಪೆಕ್ಟ್ರಮ್ಮಿನಲ್ಲಿ ಈ ಸಲ ಒಂದೇ ತಲೆ, 925ರಲ್ಲಿ, ಪೋಲರೈಸರ್ ಎಷ್ಟು ತಿರುಗಿಸಿದರೂ ಅಲ್ಲಾಡಲಿಲ್ಲ. ಎತ್ತರ ಶೇಕಡಾ 13. ತೂತುಗಳೆಲ್ಲ ಸೇರಿ ಚೌಕದ ಜಾಗದಲ್ಲಿ ಶೇಕಡಾ 8.7 ಮಾತ್ರ. ಅಂದರೆ ತೂತಿನ ಪಾಲಿಗೆ ಬಿದ್ದ ಬೆಳಕಿನ ಒಂದೂವರೆ ಪಟ್ಟು ಆಚೆ ಬಂದಿತ್ತು. ಎಬ್ಬೆಸೆನ್ ಲೇಖನದಲ್ಲಿ ಓದಿದ್ದನ್ನು ನನ್ನ ಕೈಯಾರೆ ಮಾಡಿದ ಚೂರಿನಲ್ಲಿ ನೋಡಿದೆ.

ಆಮೇಲೆ ಎರಚಿದ ಚೌಕ. ಗುಡ್ಡ ಇಲ್ಲ. ಉದ್ದಕ್ಕೂ ತಗ್ಗಾದ ಒಂದು ಗೆರೆ.

ನನಗೆ ಈ ಗೆರೆ ಆ ಪೀಕಿಗಿಂತ ದೊಡ್ಡದು ಅನಿಸಿತು. ತೂತು ಅವೇ. ಒಂದೊಂದೂ ತನ್ನಷ್ಟಕ್ಕೆ ಬೆಥೆ ಹೇಳಿದ ಹಾಗೇ ಬೆಳಕನ್ನು ತಡೆಯುತ್ತದೆ. ಸಾಲಾಗಿ ನಿಂತಾಗ ಮಾತ್ರ ಬಿಡುತ್ತದೆ. ಬರೀ ಸಾಲಾಗಿದ್ದರೂ ಸಾಲದು, ಅಂತರ ತರಂಗಾಂತರಕ್ಕೆ ಹೊಂದಬೇಕು. ಮೈಕ್ರೋವೇವ್ ಓವನ್ನಿನ ಬಾಗಿಲಲ್ಲಿ ತೂತಿನ ಜಾಲರಿ ಇರುತ್ತದಲ್ಲ, ಅದೂ ಅಚ್ಚುಕಟ್ಟಾದ ಸಾಲೇ. ಆದರೆ ಒಳಗಿನ ಅಲೆ 12 ಸೆಂಟಿಮೀಟರ್ ಉದ್ದ, ತೂತುಗಳ ಅಂತರ ಒಂದೆರಡು ಮಿಲಿಮೀಟರ್. ಹೆಜ್ಜೆ ಕೂಡುವುದೇ ಇಲ್ಲ, ಅಲೆ ಒಳಗೇ ಉಳಿಯುತ್ತದೆ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆ ಮಾತ್ರ ತೂತಿಗಿಂತ ಎಷ್ಟೋ ಚಿಕ್ಕದಾದ್ದರಿಂದ ಆರಾಮಾಗಿ ಬರುತ್ತದೆ, ಒಳಗಿರುವುದು ಕಾಣುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಎಲ್ಲವೂ ಸರ್ಫೇಸ್ ಪ್ಲಾಸ್ಮಾನ್ ಅಂತ ಹೇಳಿ ಮುಗಿಸಲು ಆಗುವುದಿಲ್ಲ. ಈ ಬಗ್ಗೆ ವರ್ಷಗಟ್ಟಲೆ ವಾದ ನಡೆದಿದೆ. ಮೊದಲ ಲೇಖನದ ಜೊತೆಗಾರರಾದ ಲೆಜೆಕ್ ಮತ್ತು ಥಿಯೋ ಅವರೇ 2004ರಲ್ಲಿ ಬೇರೆ ವಿವರಣೆ ಮುಂದಿಟ್ಟರು. 2008ರಲ್ಲಿ ಲಿಯು ಮತ್ತು ಲಲಾನ್ ತೂತಿನಿಂದ ತೂತಿಗೆ ಅಲೆ ಹೇಗೆ ಚೆದುರುತ್ತದೆ ಅಂತ ಬಿಡಿಸಿ ಲೆಕ್ಕ ಹಾಕಿ, ಪ್ಲಾಸ್ಮಾನ್ ಜೊತೆಗೆ ಮೈಗುಂಟ ಸಾಗುವ ಇನ್ನೊಂದು ಬಗೆಯ ಅಲೆಯೂ ಪಾಲು ಕೊಡುತ್ತದೆ ಅಂತ ತೋರಿಸಿದರು. ಮೊದಲ ಲೇಖನದಲ್ಲೇ ಲೋಹವಲ್ಲದ ಜರ್ಮೇನಿಯಂ ಪದರದಲ್ಲಿ ಈ ಪೀಕ್ ಬರುವುದಿಲ್ಲ ಅಂತ ಇದೆ, ಹಾಗಾಗಿ ಲೋಹದ ಪಾತ್ರ ದೊಡ್ಡದೇ. ನನ್ನ ಮಟ್ಟಿಗೆ, ಕಣ್ಣಿಗೆ ಕಾಣುವ ಬೆಳಕು ಮತ್ತು ಅದರ ಅಂಚಿನಲ್ಲಿ ಪ್ಲಾಸ್ಮಾನ್ ಚಿತ್ರ ಇಟ್ಟುಕೊಂಡರೆ ದಾರಿ ತಪ್ಪುವುದಿಲ್ಲ. ಪೀಕ್ ಎಷ್ಟು ಎತ್ತರ ಅನ್ನುವ ಪ್ರಶ್ನೆ ಬಂದಾಗ ಉಳಿದದ್ದನ್ನೂ ಸೇರಿಸಿಕೊಳ್ಳಬೇಕು.

ಕೊನೆಗೆ ನೀರು. ಗಾಳಿಯ ಮೈಯ ಪೀಕ್ 650ರ ಹತ್ತಿರ ಇತ್ತು. ಅದರ ಮೇಲೆ ನೀರು ಬಂದರೆ ಗುಣಿಸುವ ಸಂಖ್ಯೆ 1.05ರಿಂದ 1.38ರ ಹತ್ತಿರಕ್ಕೆ ಏರಬೇಕು. ಒಂದು ಹನಿ ಇಟ್ಟೆ. ಪೀಕ್ ಅಲ್ಲೂ ಇಲ್ಲ ಇಲ್ಲೂ ಇಲ್ಲ ಅನ್ನುವ ಹಾಗೆ ಅಲೆದಾಡಿತು. ತೂತುಗಳ ಒಳಗೆ ಗಾಳಿಗುಳ್ಳೆ ಸಿಕ್ಕಿಹಾಕಿಕೊಂಡಿತ್ತು. ಹನಿಯನ್ನು ಹೀರಿ ತೆಗೆದು, ಮೊದಲು ಐಸೊಪ್ರೊಪನಾಲ್ ಹಾಕಿ ಒದ್ದೆ ಮಾಡಿ, ಅದು ಆರುವ ಮೊದಲೇ ನೀರಿನಲ್ಲಿ ತೊಳೆದು, ಮತ್ತೆ ಹನಿ ಇಟ್ಟೆ. ಈಗ 650ರಲ್ಲಿ ಏನೂ ಇಲ್ಲ, 850ರ ಹತ್ತಿರ ಹೊಸ ಪೀಕ್. ಒಂದು ಹನಿ ನೀರಿಗೆ ಇನ್ನೂರು ನ್ಯಾನೋಮೀಟರ್. ಗಾಜಿನ ಮೈಯ 925 ಅಲ್ಲೇ ನಿಂತಿತ್ತು, ಅದಕ್ಕೆ ನೀರು ತಾಗಿಲ್ಲವಲ್ಲ. ಚಿನ್ನದ ಮೇಲೆ ಪ್ರೋಟೀನ್ ಅಂಟಿದೆಯಾ ಇಲ್ಲವಾ ಅಂತ ನೋಡುವ ಸೆನ್ಸರುಗಳನ್ನು ಇದೇ ತೂತುಸಾಲುಗಳಿಂದ ಮಾಡುತ್ತಾರೆ. ಅಂಟಿದರೆ ಮೈಗೆ ತಾಗಿರುವ ವಸ್ತು ಬದಲಾಗುತ್ತದೆ, ಪೀಕ್ ಸರಿಯುತ್ತದೆ.

ಆಮೇಲೆ ನೀರಿಗೆ ಗ್ಲಿಸರಿನ್ ಬೆರೆಸುತ್ತಾ ಹೋದೆ. ಗ್ಲಿಸರಿನ್ ಜಾಸ್ತಿಯಾದ ಹಾಗೆ ಪೀಕ್ ಒಂದೊಂದೇ ಹೆಜ್ಜೆ ಕೆಂಪಿನ ಕಡೆ ನಡೆಯಿತು. ಬರೀ ಗ್ಲಿಸರಿನ್ ಇಟ್ಟಾಗ ಅದು ಗಾಜಿನ ಪೀಕನ್ನು ಹೋಗಿ ಸೇರಿತು. ಗ್ಲಿಸರಿನ್ನಿನ ವಕ್ರೀಭವನ ಸೂಚ್ಯಂಕ 1.47, ಕ್ವಾರ್ಟ್ಸ್ ಗಾಜಿನದು 1.46. ಪದರದ ಎರಡೂ ಮೈಗೆ ಈಗ ಹೊರಗಿನದು ಒಂದೇ ಥರ. ಮೇಲಿನ ಅಲೆಗೂ ಕೆಳಗಿನ ಅಲೆಗೂ ಒಂದೇ ತಾಳ. ಪೀಕ್ ಸೇರಿದ್ದು ಮಾತ್ರವಲ್ಲ, ಎತ್ತರವೂ ಎದ್ದಿತು, ಪರದೆಯ ಅಳತೆಗೋಲನ್ನು ದಾಟಿ ಮೇಲೆ ಹೋಯಿತು. ಅಳತೆಗೋಲು ಬದಲಿಸಿ ಮೇಡಂಗೆ ಫೋನ್ ಮಾಡಿದೆ. ಅವರು ಬಂದು, ಕೂತು, ಏನೂ ಮಾತಾಡದೆ ಪೋಲರೈಸರನ್ನು ಒಂದು ಸುತ್ತು ತಿರುಗಿಸಿ ನೋಡಿದರು. ಆಮೇಲೆ "ಹನಿ ಹಾಗೇ ಬಿಡು, ಬೆಳಗ್ಗೆ ಇನ್ನೊಂದ್ಸಲ ಅಳೆ" ಅಂದರು.

ಬೆಳಗ್ಗೆ ಬಂದು ಅಳೆದೆ. ಪೀಕ್ ಸ್ವಲ್ಪ ಇಳಿದಿತ್ತು, ಎಡಗಡೆಗೆ ಒಂದು ಭುಜ ಮೂಡಿತ್ತು. ಯಾರೂ ಏನೂ ಮುಟ್ಟಿರಲಿಲ್ಲ. ಗ್ಲಿಸರಿನ್ ರಾತ್ರಿಯೆಲ್ಲ ಗಾಳಿಯಿಂದ ತೇವ ಎಳೆದುಕೊಂಡಿತ್ತು.